ನಿನೆವೆಯ ದನಗಳಿಗೆ ಗೋಣಿಚೀಲ ಬೇಕು

ದೊಡ್ಡಮ್ಮ, ವಂದನೆ. ಗ್ರೂಪ್‌ನಲ್ಲಿರುವ ಎಲ್ಲರಿಗೂ ವಂದನೆ. ನಿಮ್ಮ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. "ಪರೀಕ್ಷೆ ಮುಗಿದದ್ದೇ ಮುಗಿದದ್ದು, ಹುಡುಗಿ ಮನೆಯಲ್ಲಿ ಇರುವುದೇ ಇಲ್ಲವಂತೆ. ಇಡೀ ದಿನ ಚರ್ಚು, ನಾಟಕ, ಈಗ ಕ್ಯಾಂಪ್ ಬೇರೆ. ಸೆಕೆಂಡ್ ಪಿಯುಸಿ ಎಂದರೆ ಆಟವಾ? ಇಲ್ಲಿಗೆ ಬಂದು ಕೋಚಿಂಗ್ ಸೇರಲಿ" ಎಂದು ಕೇಳಿದ್ದೀರಿ. ಅದಕ್ಕೆ ಮಾಮ ಮಸ್ಕತ್‌ನಿಂದ ಹೆಬ್ಬೆಟ್ಟು ಒತ್ತಿದ್ದಾರೆ. ಮಾಮ, ಅದನ್ನೂ ನೋಡಿದೆ.

ಟೈಪ್ ಮಾಡಲು ಕೂತಿದ್ದೆ, ಆಗಲಿಲ್ಲ. ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಉದ್ದ ಆಗುತ್ತದೆ. ಅಡುಗೆ ಮಾಡುತ್ತಾ ಕೇಳಿ. ಮಧ್ಯದಲ್ಲಿ ಕುಕ್ಕರ್ ಕೂಗಿದರೆ ಅದು ನಮ್ಮ ಮನೆಯದ್ದು, ನಿಮ್ಮದ್ದಲ್ಲ.

ಮೊದಲು ಇಡೀ ದಿನ ಚರ್ಚ್ ಎನ್ನುವುದರ ಲೆಕ್ಕ ಹೇಳುತ್ತೇನೆ. ಶನಿವಾರ ಸಂಜೆ ಕ್ವಾಯರ್ ಪ್ರಾಕ್ಟೀಸ್, ಅದು ಮೊದಲಿನಿಂದಲೂ ಉಂಟು. ಈಸ್ಟರ್ ಮುಂಚಿನ ವಾರ ಯುವಜನ ಸಂಘದವರೆಲ್ಲಾ ಸೇರಿ ಸಮಾಧಿ ತೋಟದ ಹುಲ್ಲು ಕೆತ್ತಿದೆವು. ಬೆಳಿಗ್ಗೆ ಐದು ಗಂಟೆಗೆ ಅಲ್ಲಿಯೇ ಆರಾಧನೆ ಅಲ್ವಾ, ಕತ್ತಲೆಯಲ್ಲಿ ಅಜ್ಜ ಅಜ್ಜಿಯಂದಿರು ಎಡವಿ ಬೀಳಬಾರದು. ಅಜ್ಜಿಯ ಕಲ್ಲಿನ ಮೇಲಿನ ಪಾಚಿ ನಾನೇ ಉಜ್ಜಿದೆ ದೊಡ್ಡಮ್ಮ, ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಈಗ ನಡೆಯುತ್ತಿರುವುದು ವಿಬಿಎಸ್, ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ. ಹತ್ತು ದಿನ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ. ನನಗೆ ಕೊಟ್ಟದ್ದು ಐದು ಆರು ವರ್ಷದ ಮಕ್ಕಳ ಗುಂಪು. ಹನ್ನೊಂದು ಮಂದಿ. ಒಬ್ಬ ದಿನಾ ಅಳುತ್ತಾನೆ, ಇಬ್ಬರು ದಿನಾ ಕಚ್ಚುತ್ತಾರೆ.

ಈಗ ನಾಟಕ. ವಿಬಿಎಸ್ ಮುಗಿಯುವ ಭಾನುವಾರ ಸಂಜೆ ಚರ್ಚ್ ಹಾಲ್‌ನಲ್ಲಿ ಕಾರ್ಯಕ್ರಮ. ಪ್ರತಿವರ್ಷ ತಪ್ಪಿಹೋದ ಮಗನ ಕಥೆಯೇ. ಹಂದಿಗಳ ಜೊತೆ ಕೂತು ಅಳುವುದು, ಅಪ್ಪ ಓಡಿ ಬಂದು ತಬ್ಬಿಕೊಳ್ಳುವುದು, ಎಲ್ಲರೂ ಕಣ್ಣು ಒರೆಸುವುದು. ಈ ಸಲ ಸಂಡೇ ಸ್ಕೂಲ್ ಟೀಚರ್ ನನ್ನ ಹತ್ತಿರ "ನೀನೇ ಏನಾದರೂ ಬರಿ" ಎಂದರು. ನಾನು ಬೈಬಲ್‌ನ ಯೋನನ ಪುಸ್ತಕ ಹಿಡಿದೆ. ಕಾರಣ ದೊಡ್ಡದೇನಲ್ಲ. ಅದು ಚಿಕ್ಕದು, ನಾಲ್ಕೇ ಅಧ್ಯಾಯ, ನಲವತ್ತೆಂಟು ವಚನ. ಕೂತಲ್ಲೇ ಓದಿ ಮುಗಿಸಬಹುದು.

ಆದರೆ ಓದಿದ ಮೇಲೆ ಗೊತ್ತಾಯಿತು, ನಮಗೆ ಚಿಕ್ಕದಿರುವಾಗ ಹೇಳಿಕೊಟ್ಟದ್ದು ಅರ್ಧ ಕಥೆ ಮಾತ್ರ. ದೇವರು ನಿನೆವೆಗೆ ಹೋಗು ಎಂದರೆ ಯೋನ ಬೇರೆ ಕಡೆಯ ಹಡಗು ಹತ್ತಿದ, ಬಿರುಗಾಳಿ ಎದ್ದಿತು, ಹಡಗಿನವರು ಅವನನ್ನು ಕಡಲಿಗೆ ಹಾಕಿದರು, ಮೀನು ನುಂಗಿತು, ಮೂರು ದಿನ ಆದ ಮೇಲೆ ಕಕ್ಕಿತು, ಯೋನ ಬುದ್ಧಿ ಕಲಿತ, ಮುಗಿಯಿತು. ಅಲ್ಲ ದೊಡ್ಡಮ್ಮ! ಮೀನಿನ ಭಾಗ ಎರಡನೇ ಅಧ್ಯಾಯಕ್ಕೇ ಮುಗಿಯುತ್ತದೆ. ಆಮೇಲೆ ಅವನು ನಿನೆವೆಗೆ ಹೋಗುತ್ತಾನೆ. ಈಗ ಇರಾಕಿನಲ್ಲಿ ಮೋಸುಲ್ ಉಂಟಲ್ಲ, ಅದರ ಪಕ್ಕದಲ್ಲೇ ಆ ಊರಿನ ಅವಶೇಷ ಇರುವುದು. ನಲವತ್ತು ದಿನದಲ್ಲಿ ನಿಮ್ಮ ಊರು ಹಾಳಾಗುತ್ತದೆ ಎಂದು ಸಾರುತ್ತಾನೆ. ಊರಿನವರು ತಕ್ಷಣ ನಂಬಿಬಿಡುತ್ತಾರೆ. ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂರುತ್ತಾನೆ. ಮನುಷ್ಯರು ಮಾತ್ರ ಅಲ್ಲ, ದನಕರುಗಳೂ ಉಪವಾಸ ಮಾಡಬೇಕು, ಅವಕ್ಕೂ ಗೋಣಿತಟ್ಟು ಹೊದಿಸಬೇಕು ಎಂದು ಆಜ್ಞೆ ಹೊರಡಿಸುತ್ತಾನೆ. ಮೂರನೇ ಅಧ್ಯಾಯ, ಏಳು ಎಂಟನೇ ವಚನ, ಬೇಕಾದರೆ ತೆಗೆದು ನೋಡಿ. ಇದನ್ನು ಓದಿ ನಾನು ಒಬ್ಬಳೇ ಕೂತು ನಕ್ಕೆ. ಅಳುವವನಿಗೂ ಕಚ್ಚುವವರಿಗೂ ಆಗಲೇ ಪಾತ್ರ ಸಿಕ್ಕಿತು. ನನ್ನ ಹನ್ನೊಂದು ಮಕ್ಕಳೂ ನಿನೆವೆಯ ದನಗಳು.

ಬರೆಯುವುದು ಮಾತ್ರ ಅಷ್ಟು ಸುಲಭ ಆಗಲಿಲ್ಲ. ಮೊದಲು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ಎದ್ದೇಳು ಯೋನನೇ, ನಿನ್ನ ದೇವರನ್ನು ಪ್ರಾರ್ಥಿಸು" ಎಂದೆಲ್ಲಾ ಬರೆದಿದ್ದೆ. ಅಪ್ಪ ಪೂರ್ತಿ ಕೇಳಿ, "ಇದರಲ್ಲಿ ಎಲ್ಲರೂ ಚರ್ಚಿನ ಅಯ್ಯನವರ ಹಾಗೆಯೇ ಮಾತಾಡುತ್ತಾರಲ್ಲ" ಎಂದರು. ನಿಜವೇ. ಬಿರುಗಾಳಿಗೆ ಸಿಕ್ಕಿದ ಹಡಗಿನವನು ಹಾಗೆ ಮಾತಾಡುತ್ತಾನಾ? ಮಲ್ಪೆಯಲ್ಲಿ ನನ್ನ ಕಾಲೇಜಿನ ಗೆಳತಿಯ ಅಪ್ಪ ಟ್ರಾಲ್ ಬೋಟ್ ನಡೆಸುವ ತಾಂಡೇಲ. ಅವರ ಮನೆಗೆ ಹೋಗಿ ಬಿರುಗಾಳಿಯ ದೃಶ್ಯ ಓದಿದೆ. ಅವರು ಮೀನು ಕೊಯ್ಯುವುದನ್ನು ನಿಲ್ಲಿಸಿ ಕೇಳಿದರು. ಮತ್ತೆ ಹೇಳಿದರು, "ಮಗಾ, ಇಷ್ಟು ಮಾತು ಇರುವುದಿಲ್ಲ. ಗಾಳಿ ಎದ್ದರೆ ಪಕ್ಕದಲ್ಲಿ ನಿಂತವನು ಕೂಗಿದ್ದು ನಮಗೆ ಕೇಳುವುದಿಲ್ಲ. ಎಲ್ಲಾ ಕೈಸನ್ನೆಯಲ್ಲೇ."

ಎರಡೂವರೆ ಪುಟ ಸಂಭಾಷಣೆ. ಮನೆಗೆ ಬಂದು ಎಲ್ಲಾ ಹೊಡೆದು ಹಾಕಿದೆ. ಹೊಟ್ಟೆ ಉರಿಯಿತು, ಆದರೆ ಹೊಡೆದು ಹಾಕಿದೆ. ಈಗ ಆ ದೃಶ್ಯದಲ್ಲಿ ಮಾತಿಲ್ಲ, ಚೆಂಡೆ ಮಾತ್ರ. ಎಂಟು ಮಂದಿ ಒಬ್ಬರ ಕೈ ಒಬ್ಬರು ಹಿಡಿದು ವಾಲುತ್ತಾರೆ, ಸಾಮಾನು ಎತ್ತಿ ಎಸೆಯುತ್ತಾರೆ. ಚೆಂಡೆ ನಿಂತಾಗ ಒಂದೇ ಒಂದು ಸಲ ಒಬ್ಬೊಬ್ಬರೂ ತಮ್ಮ ತಮ್ಮ ದೇವರನ್ನು ಕೂಗುತ್ತಾರೆ. ಬೈಬಲ್‌ನಲ್ಲಿಯೂ ಹಾಗೆಯೇ ಇದೆ, ಪ್ರತಿಯೊಬ್ಬನೂ ತನ್ನ ತನ್ನ ದೇವರಿಗೆ ಮೊರೆಯಿಟ್ಟ ಎಂದು. ನಾವು ಅದನ್ನು ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಹಿಂದಿಯಲ್ಲಿ ಮಾಡಿದ್ದೇವೆ. ನಮ್ಮ ಬಂದರಿನ ಬೋಟುಗಳಲ್ಲಿ ಅಷ್ಟು ಭಾಷೆ ಹೇಗೂ ಉಂಟಲ್ಲ. ಇನ್ನೊಂದು ವಿಷಯ ತಾಂಡೇಲರಿಗೆ ತುಂಬಾ ಹಿಡಿಸಿತು. ಯೋನನೇ "ನನ್ನನ್ನು ಕಡಲಿಗೆ ಹಾಕಿ" ಎಂದರೂ ಅವರು ತಕ್ಷಣ ಹಾಕುವುದಿಲ್ಲ. ಮೊದಲು ದಡ ಮುಟ್ಟಲು ಹುಟ್ಟು ಹಾಕಿ ನೋಡುತ್ತಾರೆ. ಗುರುತಿಲ್ಲದ ಮನುಷ್ಯನಿಗಾಗಿ. "ಅದು ಸರಿ, ಬೋಟಿನವರು ಹಾಗೆಯೇ" ಎಂದರು.

ಮೀನಿಗೆ ಅವರೇ ಹಳೆಯ ಬಲೆ ಕೊಟ್ಟರು. ಮೂರು ಸಲ ಸೋಪು ಹಾಕಿ ತೊಳೆದೆವು, ವಾಸನೆ ಹೋಗಲಿಲ್ಲ. ಹೊಟ್ಟೆಯೊಳಗೆ ಇರುವ ದೃಶ್ಯಕ್ಕೆ ಯೋನ ಪ್ರತ್ಯೇಕ ಅಭಿನಯ ಮಾಡಬೇಕಾಗಿಯೇ ಇಲ್ಲ.

ಚೆಂಡೆಗೆ ಸ್ವಲ್ಪ ಗಲಾಟೆ ಆಯಿತು. ಸಭೆಯ ಹಿರಿಯರೊಬ್ಬರು, ಹೆಸರು ಬೇಡ, ನಿಮಗೆ ಗೊತ್ತಾಗುತ್ತದೆ, "ಚರ್ಚ್ ಹಾಲ್‌ನಲ್ಲಿ ಚೆಂಡೆಯಾ, ಇದೇನು ಯಕ್ಷಗಾನ ಮೇಳವಾ?" ಎಂದರು. ನಾನು ಸುಮ್ನೆ ನಿಂತೆ. ಅಜ್ಜ ಹಿಂದಿನ ಬೆಂಚಿನಿಂದ ಎದ್ದರು. ಡಿಕ್ಷನರಿ ಮಾಡಿದ ಕಿಟೆಲರ ಹೆಸರು ಎಲ್ಲರೂ ಹೇಳುತ್ತಾರೆ, 1894 ಎಂದು ವರ್ಷವನ್ನೂ ಹೇಳುತ್ತಾರೆ. ಆದರೆ ಅದಕ್ಕಿಂತ ಎಷ್ಟೋ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ನಮ್ಮ ಷಟ್ಪದಿಯಲ್ಲಿ ಕಟ್ಟಿ 'ಕಥಾಮಾಲೆ' ಬರೆದರು. ಜರ್ಮನಿಯಿಂದ ಬಂದವರಿಗೆ ನಮ್ಮ ಛಂದಸ್ಸು ಆಗುತ್ತದೆ, ಇಲ್ಲೇ ಹುಟ್ಟಿದ ನಮಗೆ ನಮ್ಮ ಚೆಂಡೆ ಆಗುವುದಿಲ್ಲವಾ? ಅಜ್ಜ ಇಷ್ಟು ಹೇಳಿ ಕೂತರು. ಚೆಂಡೆ ಉಳಿಯಿತು. ಅಜ್ಜ, ನೀವೂ ಈ ಗ್ರೂಪ್‌ನಲ್ಲಿ ಇದ್ದೀರಿ, ಕೇಳಿಸಿಕೊಳ್ಳುತ್ತಿದ್ದೀರಿ ಎಂದು ಗೊತ್ತು. ಥ್ಯಾಂಕ್ಸ್.

ಒಂದು ನಿಮಿಷ... ಹಾಂ, ಅಮ್ಮ ಕರೆದರು. ತೆಂಗಿನಕಾಯಿ ತುರಿದು ಕೊಟ್ಟು ಬಂದೆ.

ದೊಡ್ಡ ಗಲಾಟೆ ಆದದ್ದು ಕೊನೆಯ ದೃಶ್ಯಕ್ಕೆ. ದೊಡ್ಡಮ್ಮ, ನಿಮಗೆ ಕೊನೆ ನೆನಪುಂಟಾ? ಊರು ಉಳಿಯುತ್ತದೆ. ಯೋನನಿಗೆ ಸಿಟ್ಟು ಬರುತ್ತದೆ! ತಾನು ಹೇಳಿದ ಹಾಗೆ ಆಗಲಿಲ್ಲವಲ್ಲ ಎಂದು. ಊರ ಹೊರಗೆ ಹೋಗಿ ಮುಖ ಊದಿಸಿ ಕೂರುತ್ತಾನೆ. ದೇವರು ಒಂದು ಸೋರೆಗಿಡ ಬೆಳೆಸಿ ನೆರಳು ಕೊಡುತ್ತಾರೆ. ಮಾರನೇ ದಿನ ಹುಳು ಬಂದು ಗಿಡವನ್ನು ಕಡಿಯುತ್ತದೆ. (ಹುಳುವಿನ ಪಾತ್ರಕ್ಕೆ ಮೂವರು ಜಗಳ ಮಾಡಿದರು. ಈಗ ಮೂರು ಹುಳು.) ಗಿಡ ಸತ್ತದ್ದಕ್ಕೆ ಯೋನ ಸಾಯಬೇಕು ಎನ್ನುತ್ತಾನೆ. ಆಗ ದೇವರು ಕೇಳುತ್ತಾರೆ, ನೀನು ನೆಡದ, ನೀರು ಹಾಕದ ಗಿಡಕ್ಕೆ ಇಷ್ಟು ಮರುಗುತ್ತೀಯ, ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಜನರಿರುವ ಈ ಊರಿಗೆ ನಾನು ಮರುಗಬಾರದಾ, ಅಲ್ಲಿ ದನಗಳೂ ಎಷ್ಟೊಂದಿವೆ ಎಂದು. ಅಷ್ಟೇ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಉತ್ತರ ಕೊಟ್ಟನಾ? ಗೊತ್ತಿಲ್ಲ. ಮನೆಗೆ ಹೋದನಾ? ಗೊತ್ತಿಲ್ಲ.

ನನ್ನ ನಾಟಕವೂ ಅಲ್ಲಿಗೇ ನಿಲ್ಲುತ್ತದೆ. ಯೋನ ಬಾಯಿ ತೆರೆಯುತ್ತಾನೆ, ಒಂದು ದನ "ಅಂಬಾ" ಎನ್ನುತ್ತದೆ, ಲೈಟ್ ಆಫ್. ಅದೇ ಹಿರಿಯರು ಮತ್ತೆ ಬಂದರು. ಯೋನ ಮೊಣಕಾಲೂರಿ ಕ್ಷಮೆ ಕೇಳಬೇಕು, ಆಮೇಲೆ ಒಂದು ಹಾಡು ಇರಬೇಕು, ಇಲ್ಲದಿದ್ದರೆ ಮಕ್ಕಳಿಗೆ ಏನು ಪಾಠ ಸಿಕ್ಕಿತು ಎಂದರು. ಅವರು ಹೇಳಿದ್ದರಲ್ಲಿ ಸ್ವಲ್ಪ ನ್ಯಾಯ ಉಂಟು ಎಂದು ನನಗೂ ಅನಿಸಿತು. ನಿಜವಾಗಿಯೂ ಒಂದು ರಾತ್ರಿ ಕೂತು ಆ ದೃಶ್ಯವನ್ನೂ ಬರೆದೆ. ಓದಿದಾಗ ಯೋನ ಮತ್ತೆ ಅಯ್ಯನವರ ಹಾಗೆ ಮಾತಾಡತೊಡಗಿದ. ಹರಿದೆ. ಕೊನೆಗೆ ಅಯ್ಯನವರ ಹತ್ತಿರವೇ ಹೋಯಿತು ವಿಷಯ. ಅವರು ಓದಿ, ಆ ಹಿರಿಯರಿಗೆ, "ಬೈಬಲ್‌ನಲ್ಲಿ ಇಲ್ಲದ್ದನ್ನು ಸೇರಿಸಬಾರದು ಎಂದು ನೀವೇ ಯಾವಾಗಲೂ ಹೇಳುವುದಲ್ವಾ?" ಎಂದರು. ಹಿರಿಯರು ನಕ್ಕುಬಿಟ್ಟರು. ಈಗ ಪರದೆ ಎಳೆಯುವ ಕೆಲಸ ಅವರದ್ದೇ.

ಇನ್ನು ಕ್ಯಾಂಪ್. ಮೇ ಎರಡನೇ ವಾರ, ನಾಲ್ಕು ದಿನ, ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ. ಫೀಸು ಸಾವಿರದ ಇನ್ನೂರು. ಅದರಲ್ಲಿ ಅರ್ಧ ನಾನು ಕ್ರಿಸ್ಮಸ್‌ಗೆ ನಕ್ಷತ್ರ ಮಾಡಿ ಮಾರಿದ ದುಡ್ಡು. ಚಾರ್ಮಾಡಿ ಘಾಟಿಯಲ್ಲಿ ನನಗೆ ವಾಂತಿ ಆಗುತ್ತದೆ, ಅದು ಎಲ್ಲರಿಗೂ ಗೊತ್ತು. ಲಿಂಬೆಹಣ್ಣು ಹಿಡಿದು ಮುಂದಿನ ಸೀಟಿನಲ್ಲಿ ಕೂರುತ್ತೇನೆ. ಕೊಟ್ಟಿಗೆಹಾರದಲ್ಲಿ ಬಸ್ ನಿಲ್ಲಿಸುತ್ತಾರಂತೆ, ನೀರ್‌ದೋಸೆಗೆ. ಫೋನ್ ಗೇಟಿನಲ್ಲೇ ತೆಗೆದಿಡುತ್ತಾರೆ. ಆದ್ದರಿಂದ ಆ ನಾಲ್ಕು ದಿನ ನನ್ನ ಲಾಸ್ಟ್ ಸೀನ್ ನೋಡಿ ಯಾರೂ ಗಾಬರಿ ಆಗಬೇಡಿ.

ಅಲ್ಲಿ ಸಂಜೆ ಹೊತ್ತು ನಾಟಕದ ಗುಂಪು ಉಂಟು. ಬೈಬಲ್‌ನಲ್ಲಿ ಅತ್ತೆಯ ಜೊತೆಗೇ ಉಳಿದ ಸೊಸೆ ರೂತಳ ಕಥೆಯಲ್ಲಿ ಇನ್ನೊಬ್ಬ ಸೊಸೆ ಇದ್ದಾಳಲ್ಲ, ಒರ್ಫಾ, ಅತ್ತೆಗೆ ಮುದ್ದಿಟ್ಟು ಅಳುತ್ತಾ ತವರಿಗೆ ಹಿಂತಿರುಗಿದವಳು. ಅವಳು ಮನೆ ಮುಟ್ಟಿದ ಮೇಲೆ ಏನಾಯಿತು ಎಂದು ಬರೆಯುವ ಆಸೆ ನನಗೆ. ಗೊತ್ತು, ಬೈಬಲ್‌ನಲ್ಲಿ ಇಲ್ಲದ್ದು. ಅಯ್ಯನವರ ಮಾತು ಈಗ ನನ್ನ ತಲೆ ಮೇಲೆಯೇ ಬೀಳುತ್ತದೆ. ಅದನ್ನು ಆಮೇಲೆ ನೋಡುವ.

ಕೋಚಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ ದೊಡ್ಡಮ್ಮ. ಫಿಸಿಕ್ಸ್‌ನಲ್ಲಿ ನನ್ನ ಮಾರ್ಕ್ಸ್ ಎಷ್ಟು ಎಂದು ಅಮ್ಮ ನಿಮಗೆ ಖಂಡಿತ ಹೇಳಿರುತ್ತಾರೆ. ಕ್ಯಾಂಪ್ ಮುಗಿದು ಎರಡು ದಿನ ಬಟ್ಟೆ ಒಗೆದು, ಮೂರನೇ ದಿನ ಬೆಂಗಳೂರಿನ ಬಸ್ ಹತ್ತುತ್ತೇನೆ. ಕಾಲೇಜು ಶುರುವಾಗುವವರೆಗೆ ನಿಮ್ಮ ಮನೆಯಲ್ಲೇ. ಅದು ಮೊದಲೇ ಅಪ್ಪನ ಹತ್ತಿರ ಮಾತಾಗಿದೆ. ಅಪ್ಪ ನನಗೆ ಎಂತ ಹೇಳಿದರು ಗೊತ್ತುಂಟಾ? "ನೀನೇ ಯೋನ. ಬೆಂಗಳೂರಿಗೆ ಹೋಗು ಎಂದರೆ ಮೂಡಿಗೆರೆ ಬಸ್ ಹತ್ತುತ್ತೀಯ" ಎಂದರು. ಬೆಂಗಳೂರನ್ನು ನಿನೆವೆ ಮಾಡಿದ್ದು ಅಪ್ಪ, ನಾನಲ್ಲ.

ಆಯ್ತು, ಮುಗಿಸುತ್ತೇನೆ. ಒಂದು ಕೆಲಸ ಉಂಟು, ಮರೆಯುವ ಮೊದಲು ಹೇಳಿಬಿಡುತ್ತೇನೆ. ದೊಡ್ಡಪ್ಪ ಶುಕ್ರವಾರ ರಾತ್ರಿ ಬಸ್‌ನಲ್ಲಿ ಊರಿಗೆ ಬರುತ್ತಾರಲ್ವಾ? ದನಗಳು ಹನ್ನೊಂದು, ಸಿಕ್ಕಿದ ಗೋಣಿಚೀಲ ನಾಲ್ಕು. ಇಲ್ಲಿ ಈಗ ಅಕ್ಕಿ ಎಲ್ಲಾ ಪ್ಲಾಸ್ಟಿಕ್ ಚೀಲದಲ್ಲೇ ಬರುವುದು, ನಾಲ್ಕು ಅಂಗಡಿ ತಿರುಗಿದೆ. ಯಶವಂತಪುರ ಮಾರ್ಕೆಟ್ ನಿಮಗೆ ಹತ್ತಿರವಲ್ಲವಾ, ಆಲೂಗಡ್ಡೆ ಮಂಡಿಯಲ್ಲಿ ಕೇಳಿದರೆ ಖಾಲಿ ಚೀಲ ಕೊಡುತ್ತಾರೆ. ಏಳು ಸಾಕು. ಹರಿದದ್ದಾದರೂ ಪರವಾಗಿಲ್ಲ, ಕೈಗೆ ತೂತು ಹೇಗೂ ಮಾಡಬೇಕು. ಮೆಣಸಿನಕಾಯಿ ತುಂಬಿದ್ದ ಚೀಲ ಮಾತ್ರ ಬೇಡ ಎಂದು ದೊಡ್ಡಪ್ಪನಿಗೆ ಎರಡು ಸಲ ಹೇಳಿ.