ಬಿಲ್ಲೆ ಒಲೆ, ಮುಚ್ಚಿದ ಟೆಂಟು: ನಮ್ಮ ಚಾರಣ ಬಳಗದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ಶಿವಮೊಗ್ಗದ ತುರ್ತು ಚಿಕಿತ್ಸಾ ಡಾಕ್ಟರ್ ನಮ್ಮ ಜೊತೆ ಇದ್ದಾರೆ. ಅವರೂ ಗುಡ್ಡ ಹತ್ತುವವರೇ. ವಿಷಯ: ಚಾರಣದ ಅಡುಗೆಗೆ ಬಳಸುವ ಇಂಧನ ಬಿಲ್ಲೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಭದ್ರಾವತಿಯವರು: ಸರ್, ಎಸ್ಬಿಟ್ ತರಹದ ಬಿಲ್ಲೆಯಲ್ಲಿ ಬೇಯಿಸಿದ್ದು ತಿನ್ನಬಹುದಾ? ಪಾತ್ರೆಯ ತಳವೆಲ್ಲ ಅಂಟಂಟು ಕಪ್ಪಾಗುತ್ತೆ.

ಡಾಕ್ಟರ್: ತಿನ್ನಬಹುದು. ಮುಚ್ಚಳ ಹಾಕಿ ಬೇಯಿಸಿ. ಬಿಲ್ಲೆಯಲ್ಲಿರುವುದು ಹೆಕ್ಸಮೀನ್ ಅನ್ನುವ ರಾಸಾಯನಿಕ. ಆ ಮಸಿ ಹೊರಗೇ ಅಂಟುತ್ತದೆ, ಒಳಗಲ್ಲ. ಬಿಲ್ಲೆ ಮುಟ್ಟಿದ ಕೈ ತೊಳೆದು ಊಟಕ್ಕೆ ಕೂರಿ.

ಸಾಗರದವರು: ಒಂದು ಬಿಲ್ಲೆಗೆ ಎಷ್ಟು ನೀರು ಕುದಿಯುತ್ತೆ?

ಡಾಕ್ಟರ್: 14 ಗ್ರಾಮಿನದು ಸುಮಾರು 12 ನಿಮಿಷ ಉರಿಯುತ್ತದೆ. ಗಾಳಿಗೆ ಅಡ್ಡ ಇಟ್ಟರೆ ಅರ್ಧ ಲೀಟರ್. ಅಡ್ಡ ಇಡದಿದ್ದರೆ ಟೀ ಆಸೆ ಬಿಡಿ.

ಸೊರಬದವರು: ಮಳೆಗಾಲದ ಥಂಡಿಗೆ ನನ್ನ ಬಿಲ್ಲೆಗಳು ಮೆತ್ತಗಾಗಿವೆ. ಒಣಗಿಸಿ ಬಳಸಬಹುದಾ?

ಹೊಸನಗರದವರು: ಸರ್, ಶನಿವಾರ ರಾತ್ರಿ ನನ್ನ ಅಕ್ಕನ ಮಗ ಮತ್ತು ಇಬ್ಬರು ಸ್ನೇಹಿತರು ನಮ್ಮದೇ ತೋಟದ ಅಂಚಿನಲ್ಲಿ ಟೆಂಟ್ ಹಾಕಿದ್ದರು. ಜೋರು ಮಳೆ. ಒಳಗೇ ಬಿಲ್ಲೆ ಹಚ್ಚಿ ಮ್ಯಾಗಿ ಮಾಡಿಕೊಂಡರು. ಬೆಳಿಗ್ಗೆ ಇಬ್ಬರಿಗೆ ತಲೆನೋವು, ವಾಂತಿ. ಮ್ಯಾಗಿ ಕೆಟ್ಟಿತ್ತು ಅಂದುಕೊಂಡೆವು. ಇವತ್ತು ಮಂಗಳವಾರ, ಹುಡುಗನಿಗೆ ಇನ್ನೂ ತಲೆಭಾರ. ಕಷಾಯ ಕೊಡುತ್ತಿದ್ದೇವೆ.

ಡಾಕ್ಟರ್: ಮೂರನೆಯವನಿಗೆ ಏನೂ ಆಗಲಿಲ್ಲವಾ? ಅವನೂ ಅದೇ ಮ್ಯಾಗಿ ತಿಂದನಾ? ಎಲ್ಲಿ ಮಲಗಿದ್ದ? ಬಿಲ್ಲೆ ಬಿಟ್ಟು ಬೇರೆ ಏನಾದರೂ ಉರಿಸಿದರಾ?

ಶಿಕಾರಿಪುರದವರು: *ಫಾರ್ವರ್ಡ್:* ಟೆಂಟ್ ಮೂಲೆಯಲ್ಲಿ ಹೆಚ್ಚಿದ ಈರುಳ್ಳಿ ಇಟ್ಟರೆ ವಿಷಗಾಳಿಯನ್ನೆಲ್ಲ ಹೀರಿಕೊಳ್ಳುತ್ತದೆ. 10 ಜನಕ್ಕೆ ಕಳಿಸಿ 🙏

ಡಾಕ್ಟರ್: ಈರುಳ್ಳಿಯನ್ನು ಚಿತ್ರಾನ್ನಕ್ಕೆ ಹಾಕಿ.

ತೀರ್ಥಹಳ್ಳಿಯವರು: ವಿಮಾನದಲ್ಲಿ ಬಿಲ್ಲೆ ಒಯ್ಯಬಹುದಾ?

ಡಾಕ್ಟರ್: ಇಲ್ಲ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ.

ಹೊಸನಗರದವರು: ಕೇಳಿದೆ ಸರ್. ಮೂರನೆಯವನೂ ಅದೇ ತಿಂದಿದ್ದಾನೆ. ಅವನು ಬಾಗಿಲ ಬಳಿ, ಜಿಪ್ ಸ್ವಲ್ಪ ತೆರೆದುಕೊಂಡು ಮಲಗಿದ್ದ. ಬಿಲ್ಲೆ ಮುಗಿದ ಮೇಲೆ ಚಳಿಗೆ ಅಂತ ಮನೆಯಿಂದ ಡಬ್ಬದಲ್ಲಿ ಕೆಂಡ ತಂದು ಒಳಗೆ ಇಟ್ಟುಕೊಂಡರಂತೆ. ಹೊಗೆ ಸ್ವಲ್ಪವೂ ಇರಲಿಲ್ಲವಂತೆ.

ಡಾಕ್ಟರ್: ಇದನ್ನು ಮೊದಲೇ ಹೇಳಬೇಕಿತ್ತು. ಇದು ಮ್ಯಾಗಿ ಅಲ್ಲ. ಕಾರ್ಬನ್ ಮೊನಾಕ್ಸೈಡ್ ಅನ್ನುವುದೇ ನನ್ನ ಅನುಮಾನ.

ಗಾಳಿ ಸಾಲದ ಕಡೆ ಬಿಲ್ಲೆ ಉರಿದರೂ ಈ ಅನಿಲ ಬರುತ್ತದೆ. ಆದರೆ ಬಿಲ್ಲೆಯ ಹೊಗೆ ಕಣ್ಣು, ಗಂಟಲು ಉರಿಸಿ ನಿಮ್ಮನ್ನು ಹೊರಗೆ ಓಡಿಸುತ್ತದೆ. ಕೆಂಡ ಹಾಗಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ, ಹಿತವಾದ ಬಿಸಿ. ನಮ್ಮ ಅಜ್ಜಂದಿರು ಅಗ್ಗಿಷ್ಟಿಕೆ ಇಟ್ಟುಕೊಂಡು ಬದುಕಿದ್ದು ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿದ್ದ ಮನೆಗಳಲ್ಲಿ. ನೈಲಾನ್ ಟೆಂಟ್ ಮಳೆಯಲ್ಲಿ ನೆನೆದರೆ ಗಾಳಿ ಇನ್ನೂ ಕಡಿಮೆ ಆಡುತ್ತದೆ. ಒಂದೇ ಊಟ ಮಾಡಿದ ಮೂವರಲ್ಲಿ ಬಾಗಿಲ ಬಳಿ ಇದ್ದವನು ಮಾತ್ರ ಪಾರಾದ, ಅಲ್ವಾ? ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಈ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಮಾಸ್ಕ್‌ನಲ್ಲಿ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಮೂರು ದಿನ ಆಗಿರುವುದರಿಂದ ಈಗ ರಕ್ತಪರೀಕ್ಷೆ ಸರಿಯಾಗೇ ಬರುತ್ತದೆ. ಅದನ್ನು ನೋಡಿ ಸಮಾಧಾನಪಡಬೇಡಿ. ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ ಮರೆವು, ತಡವರಿಕೆ, ಸಿಟ್ಟು ಶುರುವಾಗುತ್ತದೆ. ಹುಡುಗ ರಾತ್ರಿ ಎಚ್ಚರ ತಪ್ಪಿದ್ದನಾ? ಈಗ ಮಾತು, ನಡಿಗೆ ಹೇಗಿದೆ?

ಸಾಗರದವರು: ಮನೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆಯಲ್ಲ, ಅದರಲ್ಲಿ ನೋಡಿದರಾಯಿತು.

ಡಾಕ್ಟರ್: ದಯವಿಟ್ಟು ಬೇಡ. ಅದಕ್ಕೆ ರಕ್ತದಲ್ಲಿರುವುದು ಆಮ್ಲಜನಕವೋ ಈ ಅನಿಲವೋ ಅನ್ನುವ ವ್ಯತ್ಯಾಸ ಗೊತ್ತಾಗಲ್ಲ. ಸಾಯುತ್ತಿರುವವನಿಗೂ 98 ತೋರಿಸಬಹುದು.

ತೀರ್ಥಹಳ್ಳಿಯವರು: ರೈಲಿನಲ್ಲಿ ಒಯ್ಯಬಹುದಾ ಹಾಗಾದರೆ?

ಡಾಕ್ಟರ್: ಬೆಂಕಿ ಹತ್ತುವ ವಸ್ತು. ಇಲ್ಲ.

ಆನಂದಪುರದವರು: ನಮ್ಮ ಮನೆ ಪಾಪು ದೇವರ ಕರ್ಪೂರದ ಬಿಲ್ಲೆ ಬಾಯಿಗೆ ಹಾಕುತ್ತದೆ. ಈ ಬಿಲ್ಲೆಯೂ ಬೆಳ್ಳಗೆ ಹಾಗೇ ಇದೆ. ನುಂಗಿದರೆ?

ಶಿಕಾರಿಪುರದವರು: *ಫಾರ್ವರ್ಡ್:* ವಿಷ ಸೇವಿಸಿದವರಿಗೆ ಒಂದು ಲೋಟ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ.

ಡಾಕ್ಟರ್: ಉಪ್ಪುನೀರು ಕುಡಿಸಿದರೆ ಮಗು ಆ ಉಪ್ಪಿನಿಂದಲೇ ಸಾಯಬಹುದು. ಈ ಬಳಗದಲ್ಲಿ ಅದನ್ನು ಇನ್ನೊಮ್ಮೆ ಹಾಕಬೇಡಿ. ವಾಂತಿ ಮಾಡಿಸಬೇಡಿ. ಹೆಕ್ಸಮೀನ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಫಾರ್ಮಾಲ್ಡಿಹೈಡ್ ಅನ್ನುವ ವಿಷ ಬಿಡುತ್ತದೆ. ಕರ್ಪೂರ ಇನ್ನೂ ಬೇಗ: ಚಿಕ್ಕ ಮಕ್ಕಳಿಗೆ ಒಂದು ಗ್ರಾಮೂ ಅಪಾಯ, ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು. ಬಾಯಿ ಒರೆಸಿ, ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ.

ರಿಪ್ಪನ್‌ಪೇಟೆಯ ಹೋಂಸ್ಟೇಯವರು: ಮೊದಲು ಕಾಡಲ್ಲಿ ಬೆಂಕಿ ಹಚ್ಚುವುದನ್ನೇ ನಿಲ್ಲಿಸಿ. ಬೇಸಿಗೆಯಲ್ಲಿ ನಮ್ಮ ಗುಡ್ಡದ ಹುಲ್ಲು ಬತ್ತಿ ಇದ್ದ ಹಾಗೆ ಇರುತ್ತೆ.

ಭದ್ರಾವತಿಯವರು: ಬಿಲ್ಲೆಯಲ್ಲಿ ಕಿಡಿ ಹಾರಲ್ಲ ಸ್ವಾಮಿ. ಸೌದೆಗಿಂತ ಸಾವಿರ ಪಾಲು ವಾಸಿ.

ರಿಪ್ಪನ್‌ಪೇಟೆಯ ಹೋಂಸ್ಟೇಯವರು: ಗಾಳಿಗೆ ಒಲೆ ಮಗುಚಿದರೆ? 1972ರ ವನ್ಯಜೀವಿ ಕಾಯ್ದೆ ಓದಿ, 30ನೇ ಸೆಕ್ಷನ್. ಅಭಯಾರಣ್ಯಕ್ಕೆ ಅಪಾಯ ಆಗುವ ಹಾಗೆ ಬೆಂಕಿ ಹಚ್ಚುವಂತಿಲ್ಲ. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ.

ಭದ್ರಾವತಿಯವರು: ನಿಮ್ಮ ಹೋಂಸ್ಟೇಯಲ್ಲಿ ದಿನಾ ರಾತ್ರಿ ಕ್ಯಾಂಪ್‌ಫೈರ್ ಇರುತ್ತಲ್ಲ, ಅದಕ್ಕೆ ಯಾವ ಸೆಕ್ಷನ್?

ರಿಪ್ಪನ್‌ಪೇಟೆಯ ಹೋಂಸ್ಟೇಯವರು: ಅದು ನನ್ನ ಅಂಗಳ. ನಿಮ್ಮ ಮ್ಯಾಗಿ ಕವರ್ ಹೆಕ್ಕುವವನೂ ನಾನೇ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಸಾಗರದವರು: ಸುಮ್ನೆ ಕೇಳ್ತೀನಿ, ಬಿಲ್ಲೆಯಲ್ಲಿ ಬೇಯಿಸಿದ್ದು ತಿನ್ನಬಹುದಾ?

ಡಾಕ್ಟರ್: ಮೇಲೆ ನೋಡಿ.

ಶಿಕಾರಿಪುರದವರು: *ಫಾರ್ವರ್ಡ್:* ಬೆಂಕಿ ತಾಗಿದ ಜಾಗಕ್ಕೆ ಟೂತ್‌ಪೇಸ್ಟ್…

ಡಾಕ್ಟರ್: ತಣ್ಣೀರು, 20 ನಿಮಿಷ, ಹರಿಯುವ ನೀರು. ಪೇಸ್ಟ್ ಹಲ್ಲಿಗೆ. ಅಡ್ಮಿನ್, ಇವರನ್ನು ನೀವು ತೆಗೆಯುತ್ತೀರೋ, ನಾನು ಹೋಗಲೋ?

ಸೊರಬದವರು: ನನ್ನ ಮೆತ್ತಗಿನ ಬಿಲ್ಲೆ?

ಡಾಕ್ಟರ್: ಹೊಸನಗರದವರೇ, ಹುಡುಗನ ಮಾತು, ನಡಿಗೆ ಹೇಗಿದೆ ಅಂತ ಕೇಳಿ ಮುಕ್ಕಾಲು ಗಂಟೆ ಆಯಿತು.

ಹೊಸನಗರದವರು: ರಾತ್ರಿ ಎಬ್ಬಿಸಿದರೂ ಏಳಲಿಲ್ಲವಂತೆ ಸರ್, ಸ್ನೇಹಿತ ಎಳೆದು ಹೊರಗೆ ಹಾಕಿದ್ದು. ಇವತ್ತು ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಯಾಕೆ ಬಂದೆ ಅಂತ ಮರೆತು ನಿಂತಿದ್ದ. ನಾವು ನಕ್ಕೆವು.

ಡಾಕ್ಟರ್: ಕಷಾಯ ನಿಲ್ಲಿಸಿ. ಈಗಲೇ ಹೊರಡಿ. ವಾಂತಿ ಮಾಡಿದ ಇನ್ನೊಬ್ಬ ಹುಡುಗನನ್ನೂ ಕರೆದುಕೊಂಡು ಬನ್ನಿ.

ಶಿಕಾರಿಪುರದವರು: ಕಷಾಯದಿಂದ ಯಾರಿಗೂ ಕೆಟ್ಟದ್ದಾಗಿಲ್ಲ.

ಅಡ್ಮಿನ್: ಶಿಕಾರಿಪುರದವರನ್ನು ತೆಗೆದಿದ್ದೇನೆ.

ಹೊಸನಗರದವರು: ಇಬ್ಬರನ್ನೂ ಕಾರಲ್ಲಿ ಕೂರಿಸಿಕೊಂಡಿದ್ದೇವೆ ಸರ್. ಆಯನೂರು ದಾಟಿದೆವು.

ಡಾಕ್ಟರ್: ತುರ್ತು ವಿಭಾಗದ ಬಾಗಿಲಲ್ಲಿ ಇರುತ್ತೇನೆ.