ಅಪ್‌ಡೇಟ್: ಟೈಬೀರಿಯನ್ ಟ್ವೈಲೈಟ್‌ನಲ್ಲಿ ನೆಲೆ ಕಟ್ಟುವ ಅವಕಾಶ ಮುಂದೆ ಸಿಗುತ್ತದೆಯೇ?

‘ಕಮಾಂಡ್ ಅಂಡ್ ಕಾಂಕರ್ 4: ಟೈಬೀರಿಯನ್ ಟ್ವೈಲೈಟ್’ ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟದ ಆರಂಭದ ಹಂತಗಳಲ್ಲಿ, ಸೈನ್ಯ ತಯಾರಿಸುವ ಕಟ್ಟಡಗಳಿರುವ ನೆಲೆ ಕಟ್ಟುವ ಅವಕಾಶವೇ ಕಾಣದಿದ್ದುದರಿಂದ, ಮುಂದೆಯಾದರೂ ಅದು ದೊರೆಯುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಈಗ ಜಿಡಿಐ ಮತ್ತು ನಾಡ್ ಎರಡೂ ಪಾಳೆಯಗಳ ಕಥೆಯನ್ನು ಆಡಿ ಮುಗಿಸಿದ್ದೇನೆ. ಕೊನೆಯವರೆಗೂ ಅದು ದೊರೆಯುವುದಿಲ್ಲ.

ಈ ಸರಣಿಯ 1995ರ ಮೊದಲ ಆಟದಲ್ಲಿ ಹಾರ್ವೆಸ್ಟರ್ ಎಂಬ ವಾಹನ ಟೈಬೀರಿಯಂ ಎಂಬ ಖನಿಜವನ್ನು ತುಂಬಿಕೊಂಡು ನೆಲೆಯಲ್ಲಿನ ರಿಫೈನರಿಗೆ (ಸಂಸ್ಕರಣಾ ಘಟಕಕ್ಕೆ) ಮರಳಿದರೆ ಮಾತ್ರ ಹಣ ಬರುತ್ತಿತ್ತು. ಆದ್ದರಿಂದಲೇ ಎದುರಾಳಿಯ ಒಂದು ಹಾರ್ವೆಸ್ಟರನ್ನು ಹೊಡೆದುರುಳಿಸಿದರೂ ಅವನ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತಿತ್ತು. 2010ರ ಈ ಆಟದಲ್ಲಿ ಅದನ್ನೆಲ್ಲ ಕೈಬಿಟ್ಟು, ಸೈನ್ಯವನ್ನು ತಯಾರಿಸುವ ಕೆಲಸವನ್ನು ಕ್ರಾಲರ್ ಎಂಬ ಸಂಚಾರಿ ಯಂತ್ರಕ್ಕೆ ಒಪ್ಪಿಸಲಾಗಿದೆ. ಕ್ರಾಲರ್ ನಾಶವಾದರೆ ಮತ್ತೊಂದನ್ನು ಕರೆಸಿಕೊಳ್ಳಬಹುದಾದ್ದರಿಂದ, ಎಚ್ಚರದಿಂದ ಯೋಜಿಸಿ ಆಡುವವರಿಗೂ ಸುಮ್ಮನೆ ಮುನ್ನುಗ್ಗುವವರಿಗೂ ಹೆಚ್ಚು ವ್ಯತ್ಯಾಸವೇ ಉಳಿದಿಲ್ಲ. ನನಗೆ ಅತಿಯಾಗಿ ಬೇಸರ ತಂದದ್ದು ಇದೇ. ಒಬ್ಬರೇ ಆಡುವಾಗಲೂ ಇಂಟರ್ನೆಟ್ ಸಂಪರ್ಕ ಬೇಕೆಂಬ ನಿಯಮವೂ ಸರಿಯಲ್ಲ.

ನಾಡ್ ಪಾಳೆಯದ ನಾಯಕ ಕೇನ್‌ನ ಪಾತ್ರದಲ್ಲಿ ನಟ ಜೋಸೆಫ್ ಕುಕಾನ್ ಅವರ ಗತ್ತು ಮಾತ್ರ ಹಾಗೆಯೇ ಇದೆ; ಆದರೆ ಕೇನ್‌ನ ಕಥೆಗೆ ಇಷ್ಟು ಅವಸರದ ಮುಕ್ತಾಯ ಸಲ್ಲದು. ನನ್ನಂತೆ ನೆಲೆ ಕಟ್ಟುವ ಆಸೆಯಿರುವವರು ಇದೇ ಸರಣಿಯ 2007ರ ‘ಟೈಬೀರಿಯಂ ವಾರ್ಸ್’ ಆಟವನ್ನೇ ಆರಿಸಿಕೊಳ್ಳಲಿ.