ಬಯೋಸ್ ಅಪ್‌ಡೇಟ್ ಆದ ಮೇಲೆ ವಿಂಡೋಸ್ ಏಳ್ತಾನೇ ಇಲ್ಲ, ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ?

ದಾವಣಗೆರೆ_ಡಿಟಿಪಿ:
ನಮಸ್ಕಾರ ಎಲ್ಲರಿಗೂ. ನಮ್ಮದು ಡಿಟಿಪಿ ಅಂಗಡಿ. ಅಸೆಂಬಲ್ ಮಾಡಿಸಿದ ಪಿಸಿ, ಬಿ450 ಬೋರ್ಡು, ರೈಜನ್ 5 2600, ಜಿಟಿಎಕ್ಸ್ 1650 ಕಾರ್ಡು, 480 ಜಿಬಿ ಸಾಟಾ ಎಸ್ಎಸ್‌ಡಿ, ವಿಂಡೋಸ್ 10. ರೈಜನ್ 5 5600 ಹಾಕೋಣ ಅಂತ ಮೊದಲು ಬಯೋಸ್ (ಪಿಸಿ ಆನ್ ಮಾಡಿದಾಗ ಮೊದಲು ಓಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ. ಪೆನ್‌ಡ್ರೈವಿಂದ ಮಾಡಿದ್ದು, ಯುಪಿಎಸ್ ಇತ್ತು, ಪೂರ್ತಿ ಆಗಿ ತಾನೇ ರೀಸ್ಟಾರ್ಟ್ ಆಯಿತು. ಹೊಸ ಪ್ರೊಸೆಸರ್ ಇನ್ನೂ ಡಬ್ಬಿಯಲ್ಲೇ ಇದೆ. ಈಗ ಆನ್ ಮಾಡಿದರೆ ನೇರ ಬಯೋಸ್ ಸ್ಕ್ರೀನಿಗೇ ಹೋಗುತ್ತೆ, ಎಕ್ಸಿಟ್ ಕೊಟ್ಟರೆ ತಿರುಗಿ ಅಲ್ಲಿಗೇ. ಪಿಸಿ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ ಎಸ್ಎಸ್‌ಡಿ ಹೋಗಿರಬೇಕು, ತನ್ನಿ, ಹೊಸದು ಹಾಕಿ ವಿಂಡೋಸ್ ಹಾಕಿಕೊಡ್ತೀವಿ ಅಂದರು. ಇ ಡ್ರೈವ್ ತುಂಬ ಗಿರಾಕಿಗಳ ಲಗ್ನಪತ್ರಿಕೆ ಫೈಲುಗಳಿವೆ. ಏನ್ ಮಾಡಲಿ?

ಶಿರಸಿ_ಭಟ್ಟ:
ಬೋರ್ಡಿನ ಮೇಲೆ ಬಟನ್ ಸೆಲ್ ಇರುತ್ತಲ್ಲ, ಸಿಆರ್2032, ಅದನ್ನ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಸರಿ ಹೋಗುತ್ತೆ.

ಕರೆಂಟ್_ಹೋಯ್ತು:
ಸೆಲ್ ತೆಗೆಯೋದು ಡಿಸ್‌ಪ್ಲೇನೇ ಬರದೆ ಇದ್ದಾಗ ಮಾಡೋ ಕೆಲಸ ಭಟ್ಟರೇ. ಇಲ್ಲಿ ಡಿಸ್‌ಪ್ಲೇ ಬರ್ತಿದೆ. ಸೆಲ್ ತೆಗೆದರೆ ಸೆಟ್ಟಿಂಗ್ ಎಲ್ಲ ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗುತ್ತೆ, ಅಪ್‌ಡೇಟ್ ಮಾಡಿರೋದೂ ಬಹುಶಃ ಅದನ್ನೇ.

ಡಿಟಿಪಿ ಸರ್, ಎರಡು ಪ್ರಶ್ನೆ. ಬಯೋಸ್‌ನಲ್ಲಿ ಸ್ಟೋರೇಜ್ ಪಟ್ಟಿಯಲ್ಲಿ ಎಸ್ಎಸ್‌ಡಿ ಹೆಸರು ಕಾಣುತ್ತಾ? ಬೂಟ್ ಪಟ್ಟಿಯಲ್ಲಿ ಏನಿದೆ? ಇನ್ನೊಂದು, ಆ ವಿಂಡೋಸ್ ಎಸ್ಎಸ್‌ಡಿಗೆ ಹೊಸದಾಗಿ ಹಾಕಿದ್ದಾ, ಇಲ್ಲ ಹಳೆ ಹಾರ್ಡ್‌ಡಿಸ್ಕಿಂದ ಕ್ಲೋನ್ ಮಾಡಿದ್ದಾ?

ದಾವಣಗೆರೆ_ಡಿಟಿಪಿ:
ಸ್ಟೋರೇಜ್‌ನಲ್ಲಿ ಹೆಸರು, ಸೈಜು ಎರಡೂ ಸರಿಯಾಗಿ ಬರ್ತಿದೆ. ಬೂಟ್ ಪಟ್ಟಿ ಮಾತ್ರ ಖಾಲಿ. ಕ್ಲೋನ್ ಮಾಡಿದ್ದೇ ಸರ್, ಹಳೆ ಪಿಸಿಯದು.

ಕರೆಂಟ್_ಹೋಯ್ತು:
ಹಾಗಿದ್ರೆ ಎಸ್ಎಸ್‌ಡಿ ಹೋಗಿಲ್ಲ. ಅಂಗಡಿಗೆ ಕೊಡಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ.

ಹಳೆ ಪಿಸಿಗಳಲ್ಲಿ ಡಿಸ್ಕ್ ಎಂಬಿಆರ್ ಅನ್ನೋ ಹಳೆ ರೀತಿಯಲ್ಲಿ ಭಾಗ ಮಾಡಿರೋದು ಜಾಸ್ತಿ. ಕ್ಲೋನ್ ಮಾಡಿದಾಗ ಅದೂ ಹಾಗೇ ಬರುತ್ತೆ. ಹೊಸ ಬೋರ್ಡು ಯುಇಎಫ್ಐ ಅನ್ನೋ ಹೊಸ ರೀತಿಯಲ್ಲಿ ಬೂಟ್ ಆಗುತ್ತೆ, ಅದಕ್ಕೆ ಡಿಸ್ಕಿನಲ್ಲಿ ಇಎಫ್ಐ ಪಾರ್ಟಿಷನ್ ಬೇಕು, ನಿಮ್ಮ ಡಿಸ್ಕಿನಲ್ಲಿ ಅದು ಇರೋದಿಲ್ಲ. ಇಷ್ಟು ದಿನ ನಡೀತಿದ್ದದ್ದು ಸಿಎಸ್‌ಎಂ ಅನ್ನೋ, ಹಳೆ ರೀತಿಯಲ್ಲೂ ಬೂಟ್ ಆಗೋಕೆ ಬಿಡೋ ಸೆಟ್ಟಿಂಗ್ ಆನ್ ಇದ್ದದ್ದಕ್ಕೆ, ಪಿಸಿ ಜೋಡಿಸಿದವರು ಆವತ್ತು ಆನ್ ಮಾಡಿರ್ತಾರೆ, ನಿಮಗೆ ಹೇಳೂ ಇರಲ್ಲ. ಅಪ್‌ಡೇಟ್ ಆದಾಗ ಅದು ಆಫ್ ಆಗಿದೆ. ಡಿಸ್ಕ್ ಕಾಣುತ್ತೆ, ಬೂಟ್ ಪಟ್ಟಿ ಖಾಲಿ, ಇದು ಅದರದ್ದೇ ಲಕ್ಷಣ.

ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ, ಆಮೇಲೆ ಬೂಟ್ ಪುಟದಲ್ಲಿ ಸಿಎಸ್‌ಎಂ ಎನೇಬಲ್ ಮಾಡಿ. ಕೆಲವು ಬೋರ್ಡಿನಲ್ಲಿ ಆ ಹೆಸರು ಇರಲ್ಲ, ಬೂಟ್ ಮೋಡ್ ಅಂತ ಇರುತ್ತೆ, ಅಲ್ಲಿ ಲೆಗಸಿ ಪ್ಲಸ್ ಯುಇಎಫ್ಐ ಆರಿಸಿ. ಎಫ್10 ಒತ್ತಿ ಸೇವ್ ಮಾಡಿ.

ದಾವಣಗೆರೆ_ಡಿಟಿಪಿ:
ಸರ್ ಬಂತು!! ಡೆಸ್ಕ್‌ಟಾಪ್ ಇದ್ದ ಹಾಗೇ ಇದೆ, ಇ ಡ್ರೈವೂ ಇದೆ. ಆದರೆ ಕೋರಲ್‌ಡ್ರಾ ಯಾಕೋ ಸ್ವಲ್ಪ ನಿಧಾನ ಅನಿಸ್ತಿದೆ, ಸುಮ್ನೆ ನನಗೆ ಅನಿಸ್ತಿರೋದಾ?

ಕರೆಂಟ್_ಹೋಯ್ತು:
ರ‍್ಯಾಮ್ 3200 ಇರಬೇಕು ನಿಮ್ಮದು, ಅಲ್ವಾ? ಎಕ್ಸ್‌ಎಂಪಿ (ರ‍್ಯಾಮನ್ನ ಪೂರ್ತಿ ಸ್ಪೀಡಿನಲ್ಲಿ ಓಡಿಸೋ ಸೆಟ್ಟಿಂಗ್) ಕೂಡ ಆಫ್ ಆಗಿರುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ ನೋಡಿ, 2133 ಅಥವಾ 2400 ಅಂತಿದ್ದರೆ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ.

ಸೊಂಡೂರು_ಗಣಿ:
ನಡುವೆ ಒಂದು ಮಾತು. ಇದನ್ನ ಓದಿ ಲ್ಯಾಪ್‌ಟಾಪಿನ ಬಯೋಸ್ ಅಪ್‌ಡೇಟ್ ಮಾಡೋಕೆ ಹೊರಟವರು ಮೊದಲು ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಸ್ಪೆಂಡ್ ಮಾಡಿ. ಇಲ್ಲದಿದ್ದರೆ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದವರಿಗೆ ಸಾಮಾನ್ಯವಾಗಿ ಆ ಅಕೌಂಟಿನಲ್ಲೇ ಸಿಗುತ್ತೆ, ಫೋನಿನಿಂದ ನೋಡಬಹುದು. ಎಲ್ಲೂ ಇಲ್ಲ ಅಂದ್ರೆ ಡೇಟಾ ಆಸೆ ಬಿಡಬೇಕು.

ದಾವಣಗೆರೆ_ಡಿಟಿಪಿ:
2133 ಇತ್ತು, ಸರಿ ಮಾಡಿದೆ. ಮುಂದೆ ವಿಂಡೋಸ್ 11ಗೆ ಹೋಗಬೇಕಲ್ಲ, ಈ ಸಿಎಸ್‌ಎಂ ಇಟ್ಟುಕೊಂಡೇ ಆಗುತ್ತಾ?

ಕರೆಂಟ್_ಹೋಯ್ತು:
ನೇರವಾಗಿ ಆಗಲ್ಲ, ಅದಕ್ಕೆ ಯುಇಎಫ್ಐ ಬೇಕು. ಎಂಬಿಆರ್‌ಟುಜಿಪಿಟಿ ಅನ್ನೋ ಟೂಲ್ ವಿಂಡೋಸ್ 10ರ 1703 ವರ್ಷನ್‌ನಿಂದ ಒಳಗೇ ಇದೆ, ಡೇಟಾ ಅಳಿಸದೆ ಡಿಸ್ಕನ್ನ ಎಂಬಿಆರ್‌ನಿಂದ ಜಿಪಿಟಿ ಅನ್ನೋ ಹೊಸ ರೀತಿಗೆ ಬದಲಾಯಿಸುತ್ತೆ. ಆದರೆ ಒಂದು ತೊಡಕು. ನಮ್ಮ ಕಡೆ ಅಂಗಡಿಯವರು ಸಿ, ಡಿ, ಇ ಅಂತ ಭಾಗ ಮಾಡಿಯೇ ಕೊಡ್ತಾರಲ್ಲ, ಆ ಇ ಹೆಚ್ಚಾಗಿ ಲಾಜಿಕಲ್ ಪಾರ್ಟಿಷನ್ (ಒಂದು ದೊಡ್ಡ ಭಾಗದೊಳಗೆ ಮಾಡಿದ ಉಪಭಾಗ) ಆಗಿರುತ್ತೆ. ಲಾಜಿಕಲ್ ಇದ್ದರೆ, ಅಥವಾ ಮೂರಕ್ಕಿಂತ ಜಾಸ್ತಿ ಪ್ರೈಮರಿ ಇದ್ದರೆ, ಈ ಟೂಲ್ ಒಪ್ಪಲ್ಲ. ಅದಕ್ಕೇ ಮೊದಲು ಆ ಟೂಲಿನ ವ್ಯಾಲಿಡೇಟ್ (ಏನೂ ಬದಲಾಯಿಸದೆ ಪರೀಕ್ಷೆ ಮಾಡೋದು) ಮಾತ್ರ ಓಡಿಸಿ. ಫೇಲ್ ಆದರೆ ಇ ಡ್ರೈವಿನ ಫೈಲುಗಳನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ ಆ ಪಾರ್ಟಿಷನ್ ತೆಗೆಯಿರಿ. ಕನ್ವರ್ಟ್ ಆದ ಮೇಲೆ ಸಿಎಸ್‌ಎಂ ಆಫ್ ಮಾಡಬೇಕು. ಲಗ್ನದ ಸೀಸನ್ ಮುಗಿದ ಮೇಲೆ ಮಾಡಿ, ಈಗ ಆತುರ ಏನೂ ಇಲ್ಲ.

ಶಿರಸಿ_ಭಟ್ಟ:
5600 ಹಾಕುವಾಗ ಹಳೆ ಕೂಲರ್ ಒಂದೇ ಸಲ ಮೇಲಕ್ಕೆ ಎಳೀಬೇಡಿ. ನಿಮ್ಮ ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಒಣಗಿದ್ದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಎದ್ದು ಬರುತ್ತೆ, ಪಿನ್ ಬಾಗುತ್ತೆ. ಪಿಸಿ ಸ್ವಲ್ಪ ಹೊತ್ತು ಓಡಿಸಿ, ಬಿಸಿ ಇರುವಾಗ ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನ ಆಚೀಚೆ ಮೆಲ್ಲಗೆ ತಿರುಗಿಸಿ ಬಿಡಿಸಿ.